ಬೀರುವಿನ ಹಿಂದಿನ ಕೀಚಲು

ನುಡಿಸಿದ ಸ್ವರ, ಕಿಟಕಿ ತೆರೆಯುವ ತನಕ ಕೋಣೆ ಬಿಟ್ಟು ಹೋಗದು. ಚಿಕ್ಕಣ್ಣ ಮೇಷ್ಟ್ರು ತಮ್ಮ ಅಭ್ಯಾಸದ ಕೋಣೆಯ ಕಿಟಕಿಯನ್ನು ನಲವತ್ತು ವರ್ಷದಿಂದ ತೆರೆದೇ ಇರಲಿಲ್ಲ. ಅವರ ಕಲ್ಯಾಣಿ, ತೋಡಿ ರಾಗಗಳೆಲ್ಲ ಅಲ್ಲೇ ಮೆಲ್ಲಗೆ ಸುಳಿದಾಡುತ್ತಿದ್ದವು. ಅವರಲ್ಲಿ ಒಂಬತ್ತು ವರ್ಷ ಕ್ಲಾರಿಯೋನೆಟ್ ಕಲಿತ ದೇವೀರಿ ಇಂದು ಅಲ್ಲಿ ತಪ್ಪಿಲ್ಲದೆ ನುಡಿಸಿದರೆ ಮಾತ್ರ ನಾಳೆ ಅವಳ ಮೊದಲ ಕಚೇರಿ.

ಆತುರದಲ್ಲಿ, ವಾದ್ಯದ ತುದಿಗೆ ಕಟ್ಟುವ ಜೊಂಡಿನ ಪಟ್ಟಿ ರೀಡನ್ನು ಬಾಯಲ್ಲಿ ನೆನೆಸಲು ಮರೆತಳು. ಒಣ ರೀಡು ಕೀಚೆಂದಿತು. ಆ ಹಾಳು ಕೀಚಲು ಸೂರಿನಡಿ ಹೋಗಿ ನಿಂತೇಬಿಟ್ಟಿತು. ಓಡಿಸೋಣವೆಂದು ಕಿಟಕಿಯ ಚಿಲಕಕ್ಕೆ ಕೈಹಾಕಿದಳು. ತೆರೆದರೆ ಮೇಷ್ಟ್ರ ಕಲ್ಯಾಣಿಯೂ ಬೀದಿಪಾಲು. ಕೈ ತೆಗೆದಳು.

ಆಗ ಬೀರುವಿನ ಹಿಂದೆ ಇನ್ನೊಂದು ಕೀಚಲು ಕೇಳಿಸಿತು. ಇದು ಯಾರದಪ್ಪಾ ಎಂದು ಬಗ್ಗಿ ಕಿವಿಯಿಟ್ಟಳು.

"ನಂದೇ ಕಣವ್ವ," ಎಂದರು ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು. "ಮೊದಲ್ನೇ ಕಚೇರಿ ಹಿಂದಿನ್ ದಿನದ್ದು. ಅದಕ್ಕೇ ಕಿಟಕಿ ತೆಗ್ದಿಲ್ಲ."

"ಕಲ್ಯಾಣಿಗೋಸ್ಕರ ಅಲ್ವಾ ಮೇಷ್ಟ್ರೇ?"

"ಕಲ್ಯಾಣಿನ ನಾಳೆನೂ ನುಡಿಸ್ಬೋದು. ಇದನ್ನ ಕೇಳಿದ್ರೇನೆ ನಂಗೆ ರೀಡು ನೆನೆಸೋದು ನೆನಪಾಗೋದು. ನಿಂದೂ ಅಲ್ಲೇ ಇರ್ಲಿ ಬಿಡು. ನಾಳೆ ಕಚೇರಿಗೆ ಬೇಗ್ನೆ ಹೊರಡ್ಬೇಕು, ಗೊತ್ತಾಯ್ತಾ?"

ದೇವೀರಿ ತಲೆಯಾಡಿಸಿದಳು. ರೀಡು ಆಗಲೇ ಬಾಯಲ್ಲಿತ್ತು.