ಸರ್ವಮಂಗಳಮ್ಮನ ನೇರಳೆ ಹರಳು

ಸಿಟ್ಟು ನೆತ್ತಿಗೇರಿದಾಗ ಬಾಯಿಂದ ಉದುರುವ ಹರಳನ್ನು ಜನ ಗುಡಿಸಿ ಆಚೆಗೆ ಎಸೆಯುತ್ತಾರೆ. ಗಂಗಾಧರಯ್ಯ ಮಾತ್ರ ಅದನ್ನು ತೊಳೆದು, ಒರೆಸಿ, ಹತ್ತಿಯಲ್ಲಿಟ್ಟು ತಾರೀಕು ಬರೆಯುತ್ತಾರೆ. ಅಂಥದೇ ಹುಚ್ಚಿನ ಮೂವತ್ತು ಮಂದಿ ವರ್ಷಕ್ಕೊಮ್ಮೆ ತುಮಕೂರಿನ ಶಾಲೆಯೊಂದರಲ್ಲಿ ಸೇರಿ, ತಂತಮ್ಮ ಡಬ್ಬಿ ತೆರೆದು ತೋರಿಸಿಕೊಳ್ಳುತ್ತಾರೆ.

ಈ ಸಲ ಎಲ್ಲರ ಕಣ್ಣೂ ಗಂಗಾಧರಯ್ಯನವರ ನೇರಳೆ ಹರಳಿನ ಮೇಲೆ. ನಾದಿನಿಯ ಮದುವೆ ಮರೆತು ಅವರು ಇಸ್ಪೀಟಾಡಲು ಕೂತ ದಿನ ಹೆಂಡತಿ ಸರ್ವಮಂಗಳಮ್ಮ ಉದುರಿಸಿದ್ದು ಅದು.

ಸಂಘದ ಅಧ್ಯಕ್ಷ ಹಾಲಪ್ಪ ಭೂತಗನ್ನಡಿಯಲ್ಲಿ ನೋಡಿ ಮೂಗು ಮುರಿದರು. "ಬೇಕಂತ್ಲೇ ಕೆಣಕಿ ಉದುರ್ಸಿದ ಹರಳು ನಮ್ಮಲ್ಲಿ ನಡೆಯಲ್ಲ, ಗಂಗಾಧರಯ್ಯನೋರೆ. ಇಂಥಾ ಬಣ್ಣ ತಾನಾಗೇ ಬರುತ್ತೇನ್ರೀ?"

ಗಂಗಾಧರಯ್ಯನವರ ಮುಖ ಸಪ್ಪಗಾಯಿತು. ಆಗ ಹಿಂದಿನ ಬೆಂಚಿನಿಂದ ಸರ್ವಮಂಗಳಮ್ಮ ಎದ್ದು ನಿಂತರು. "ಬೇಕಂತ ಮಾಡೋಷ್ಟು ತಲೆ ಇವರಿಗೆಲ್ಲಿದೆ ಸ್ವಾಮಿ? ಇಪ್ಪತ್ತಾರು ವರ್ಷದಿಂದ ನೋಡ್ತಿದೀನಿ. ಇವರು ಇರೋದೇ ಹೀಗೆ."

ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಿರಲಿಲ್ಲ. ಮೊದಲ ಬಹುಮಾನ ಗಂಗಾಧರಯ್ಯನವರಿಗೇ ಬಂತು. ಅವರು ಮೈಕು ಹಿಡಿದು ಅಧ್ಯಕ್ಷರಿಗೆ, ಶಾಲೆಯವರಿಗೆ, ಉಪ್ಪಿಟ್ಟು ಮಾಡಿದವರಿಗೆ, ಕೊನೆಗೆ ಹತ್ತಿ ಕೊಟ್ಟ ಅಂಗಡಿಯವನಿಗೂ ವಂದನೆ ಸಲ್ಲಿಸಿ, "ಇಷ್ಟೇ ಅನ್ಸುತ್ತೆ, ಯಾರನ್ನೂ ಬಿಟ್ಟಿಲ್ಲ" ಎಂದು ಕೆಳಗಿಳಿದರು.

ಹಿಂದಿನ ಬೆಂಚಿನ ಕಡೆ ಟಣ್ಣೆಂದು ಸದ್ದಾಯಿತು. ಮೂವತ್ತು ಮಂದಿಯೂ ಒಟ್ಟಿಗೆ ಬೆಂಚುಗಳಡಿ ನುಗ್ಗಿದರು. ಎಲ್ಲರಿಗಿಂತ ಮುಂದೆ ಅಂಬೆಗಾಲಿಟ್ಟು, "ಮುಟ್ಬೇಡ್ರೀ, ಅದು ನಂದು!" ಎಂದು ಕೂಗುತ್ತಿದ್ದವರು ಗಂಗಾಧರಯ್ಯ.

ಎರಡನೆಯ ಹರಳು ನೇರವಾಗಿ ಅವರ ಬೋಳುತಲೆಯ ಮೇಲೇ ಬಿತ್ತು.