ಕಬ್ಬಿನೊಳಗೆ ಹೊಳೆದ ಅಜೀಜಾಬಿ

“ಅಗೋ ನೋಡ್ರಿ ಚಾಚಾ, ಹೊಳಿಯಾಕ ಹತ್ತೇತಿ!”

ವಾಸೀಮ್‌ನ ಮೊಬೈಲ್ ಪರದೆಯ ತುಂಬ ನೀಲಿ ಕಬ್ಬು. ಬಲಗಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಕೆಂಡದಂಥ ಒಂದು ಚುಕ್ಕೆ. ಅದನ್ನು ಕಂಡದ್ದೇ ಯಾಕೂಬಸಾಬ “ಅಮ್ಮಾ!” ಎಂದು ಕೂಗಿದ. ಆ ಕೂಗಿಗೆ ಸವದತ್ತಿಯಲ್ಲಿ ಮಲಗಿದ್ದ ಎಮ್ಮೆಗಳೂ ಎದ್ದು ನಿಂತಿರಬೇಕು.

ಅವನ ತಾಯಿ ಅಜೀಜಾಬಿಗೆ ಈಚೆಗೆ ಮಗನ ಹೆಸರೂ ನೆನಪಿರುತ್ತಿರಲಿಲ್ಲ. ಮಧ್ಯಾಹ್ನ ಮನೆಬಿಟ್ಟು ಹೋದವಳ ಎಲೆಯಡಿಕೆ ಸಂಚಿ, ದೊಡವಾಡದ ಹೊರಗೆ ಅಮೋಘಸಿದ್ದಪ್ಪನ ಕಬ್ಬಿನ ಬದುವಿನಲ್ಲಿ ಸಿಕ್ಕಿತ್ತು. ಆ ಕಬ್ಬೋ, ಆನೆಗಳ ದಿಬ್ಬಣ ಹೊಕ್ಕರೂ ಒಂದು ಬಾಲ ಕಾಣಿಸದಷ್ಟು ದಟ್ಟ. ಆಚೆ ಬದಿಗೆ ತುಂಬಿದ ಹಳ್ಳ. ಅರ್ಧ ಊರು ಹಳ್ಳದ ದಂಡೆ ಹಿಡಿದು ಹೊರಟಾಗಿತ್ತು.

ಆಗ ವಾಸೀಮ್ ಬಂದ. ಬೈಲಹೊಂಗಲದಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಕೈಯಲ್ಲಿದ್ದದ್ದು ಮೊಬೈಲಿಗೆ ಸಿಕ್ಕಿಸಿದರೆ ಮೈಬಿಸಿಯನ್ನೇ ಚಿತ್ರ ಮಾಡುವ ಹೆಬ್ಬೆರಳಿನಷ್ಟು ಕ್ಯಾಮೆರಾ. ಸೈನ್ಯದವರ ಕ್ಯಾಮೆರಾಗಳಿಗೆ ತಣ್ಣಗಿಡುವ ಯಂತ್ರ ಬೇಕು. ಈ ಅಗ್ಗದ ಹುಲಿಗೆ ಅದು ಬೇಡ, ಕಣ್ಣು ಮುಚ್ಚಲು ರೆಪ್ಪೆಯೂ ಬೇಡ! ಅಂದು ಮಧ್ಯಾಹ್ನವೇ ಚಹಾದಂಗಡಿ ಮುಂದೆ ಅದು ಮೂರು ಲೋಕ ಗೆದ್ದಿತ್ತು. ಚಹಾ ತೋರಿಸಿತು, ಎತ್ತಿನ ಮೂಗು ತೋರಿಸಿತು, ಬೋಳುತಲೆ ತೋರಿಸಿತು.

“ಹಂಗಾರ ಸೂರ್ಯನ್ನ ತೋರ್ಸಲೇ, ಗಂಡಸಾಗಿದ್ರ,” ಎಂದಿದ್ದ ಅಮೋಘಸಿದ್ದಪ್ಪ.

ಊರಿಗೆ ಊರೇ ಸರದಿಯಲ್ಲಿ ಬಂದು ನೋಡಿ ಮುಗಿಸುವ ತನಕ ವಾಸೀಮ್ ಕ್ಯಾಮೆರಾವನ್ನು ಸೂರ್ಯನಿಗೇ ಹಿಡಿದಿದ್ದ. ಅಜೀಜಾಬಿ ಅವರೆಲ್ಲರ ಬೆನ್ನ ಹಿಂದೆ ಹಾದುಹೋದದ್ದು ಆಗಲೇ.

“ಹಳ್ಳದ ಮಂದೀನ ವಾಪಸ್ ಕರೀರಿ. ಅಮ್ಮ ಇಲ್ಲೇ ಅದಾಳ,” ಎಂದ ಯಾಕೂಬಸಾಬ.

ದಂಡೆಯ ಮೇಲೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಎಲ್ಲರೂ ಕಬ್ಬಿಗೆ ನುಗ್ಗಿದರು. ಅವರು ನಡೆದರೆ ಚುಕ್ಕೆ ಮುಂದೆ ಮುಂದೆ. ಅವರು ನಿಂತರೆ ಅದೂ ನಿಂತಿತು. ಎಡಕ್ಕೆ ಹೊರಳಿದರೆ ಎಡಕ್ಕೇ ಬಂತು.

“ಎಂಬತ್ತರ ಮುದುಕಿ ಏನ್ ಓಡತಾಳೋ ಮಾರಾಯಾ!” ಅಮೋಘಸಿದ್ದಪ್ಪ ಏದುಸಿರುಬಿಟ್ಟ.

“ನಾ ಸಣ್ಣಾಂವ ಇದ್ದಾಗ ಹಿಂಗ ಆಟ ಆಡ್ಸತಿದ್ಲರಿ. ಕೈಗೆ ಸಿಗತಿದ್ದಿಲ್ಲ.” ಯಾಕೂಬಸಾಬ ನಕ್ಕ. ಗರಿ ಕೊಯ್ದ ಕೆನ್ನೆಯಲ್ಲಿ ರಕ್ತವೂ ನೀರೂ ಕೂಡಿ ಇಳಿಯುತ್ತಿದ್ದವು.

ಹಳ್ಳದ ಕಡೆಯಿಂದ ಒಮ್ಮೆ ಸಣ್ಣಗೆ ಏನೋ ಕೂಗಿತು.

“ಏನದು?” ವಾಸೀಮ್ ತಿರುಗಿ ನೋಡಿದ.

“ನವಿಲು ಇರಬೇಕ. ನೀ ಮುಂದ ನಡಿ,” ಎಂದ ಯಾಕೂಬಸಾಬ.

ಮತ್ತೆ ಕೂಗಲಿಲ್ಲ.

ಕಿತ್ತೂರಿನ ದಿಕ್ಕಿಗೆ ಕಬ್ಬು ಮುಗಿದಾಗ ಹೊತ್ತು ಮುಳುಗಿತ್ತು. ಮುಂದೆ ನೇಗಿಲು ಹೊಡೆದ ಬಯಲು. ಇಲಿ ಅಡಗಲೂ ಮರೆಯಿಲ್ಲ.

“ಎಲ್ಲಿ ಅದಾಳೋ? ತೋರ್ಸೋ, ವಾಸೀಮ್!” ಎಂದ ಯಾಕೂಬಸಾಬ.

ವಾಸೀಮ್ ಕ್ಯಾಮೆರಾವನ್ನು ಮೇಲೆತ್ತಿ ಬರಿಯ ಆಕಾಶಕ್ಕೆ ಹಿಡಿದ.

ಅಲ್ಲಿಯೂ, ಬಲಗಡೆಯ ಮೇಲಿನ ಮೂಲೆಯಲ್ಲಿ, ಅಷ್ಟೇ ಗಾತ್ರದ ಅಜೀಜಾಬಿ ಹೊಳೆಯುತ್ತಿದ್ದಳು, ಮಧ್ಯಾಹ್ನದ ಸೂರ್ಯನಿಗೆ ಕ್ಯಾಮೆರಾದ ಕಣ್ಣು ಸುಟ್ಟು ಉಳಿದ ಕಲೆಯಾಗಿ.