ಉಜ್ಜಿದರೂ ಹೋಗದ ಚುಕ್ಕಿ

ಸೊಸೆ ಇಂದ್ರಾಣಿಯ ಬಿಳಿ ಮುಂಗೈ ಮೇಲಿದ್ದ ಕಂದು ಚುಕ್ಕಿಯನ್ನು ಮಂಚಮ್ಮ ತೆಂಗಿನ ನಾರಿನಿಂದ ಇನ್ನೊಮ್ಮೆ ತಿಕ್ಕಿದಳು. ತಲಕಾಡಿನಿಂದ ಮೈಸೂರಿಗೆ ಹೋಗುವ ಬಸ್ಸು ಬರುವ ಹೊತ್ತಾಗಿತ್ತು. “ರಾಗಿಟ್ಟು ಮೆತ್ಕಂಡೇ ಡಾಕ್ಟ್ರ ಮುಂದೆ ಕೂತ್ಕತೀಯೇನವ್ವಾ?”

ತೊನ್ನು ಹತ್ತಿದ್ದ ಆ ಕೈಗೆ ನಾಲ್ಕು ತಿಂಗಳ ಹಿಂದೆ ಹೊಸ ಚಿಕಿತ್ಸೆ ಆಗಿತ್ತು. ಇಂದ್ರಾಣಿಯ ಕೂದಲ ಬುಡದಿಂದ ಆಕರಕೋಶ, ಅಂದರೆ ಸ್ಟೆಮ್ ಸೆಲ್, ತೆಗೆದು, ಅವುಗಳಿಂದ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಮುಂಗೈಗೆ ಕೂರಿಸಿದ್ದರು. ಇವತ್ತಿಗೂ ಬಣ್ಣ ಕಾಣದಿದ್ದರೆ ಅದು ಹಿಡಿಯಲಿಲ್ಲವೆಂದೇ ಲೆಕ್ಕ ಎಂದು ಡಾಕ್ಟರು ಹೇಳಿದ್ದರು.

“ನೆನ್ನೆಯಿಂದ ನಾನೂ ಉಜ್ಜಿ ಉಜ್ಜಿ ನೋಡಿವ್ನಿ ಅತ್ತೆ,” ಎಂದಳು ಇಂದ್ರಾಣಿ ಮೆಲ್ಲಗೆ. “ಓಗ್ನಿಲ್ಲ.”

ಮಂಚಮ್ಮನ ಕೈ ನಿಂತಿತು. ಸೊಸೆಯ ಕೈಯನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ನೋಡಿದಳು. ಒಂದಲ್ಲ, ಸಾಸಿವೆ ಗಾತ್ರದ ಐದಾರು ಚುಕ್ಕಿಗಳಿದ್ದವು. ಮೂವತ್ತು ವರ್ಷ ಗದ್ದೆಯಲ್ಲಿ ಪೈರು ನಾಟಿ ಮಾಡಿದವಳಿಗೆ ಇನ್ನು ಡಾಕ್ಟರು ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ನಾರನ್ನು ಅಂಗಳಕ್ಕೆಸೆದು, ತಿಕ್ಕಿ ಕೆಂಪಾಗಿದ್ದ ಆ ಕೈಗೆ ಉಫ್ ಉಫ್ ಎಂದು ಊದತೊಡಗಿದಳು.

“ಬೇರು ಕಚ್ಕಂಡದೆ ಕಣ್ಮಗಾ. ಪಾಪಿ ನಾನು, ಕಿತ್ತಾಕ್ತಾ ಇದ್ನಲ್ಲ.”